ಮತ್ತು ಸ್ನೇಹಿತೆಯರು

ಭಾನುವಾರ. ಮಂಡಿಪೇಟೆಯ ಷಟರುಗಳೆಲ್ಲ ಕೆಳಗಿಳಿದಿವೆ,
ಅವುಗಳ ಮೆಟ್ಟಿಲ ಮೇಲೆ ಇನ್ನೊಂದು ಪೇಟೆ ಎದ್ದು ಕೂತಿದೆ:
ಗೋಣಿ ಹಾಸಿ, ಟಾರ್ಪಾಲು ಹಾಸಿ,
ಯಾರದೋ ಸೋತ ಚುನಾವಣೆಯ ಫ್ಲೆಕ್ಸು ಮಗುಚಿ ಹಾಸಿ.

ಮಿಡಿಗೇಶಿಯಿಂದ ಮೊದಲ ಬಸ್ಸಿಗೇ ಬಂದಿದ್ದೇನೆ.
ಪರ್ಸಿನಲ್ಲಿ ಆರುನೂರು ರೂಪಾಯಿ, ಜೊತೆಗೊಂದು ದಾರ.
ಅದರ ಎರಡು ಗಂಟಿನ ನಡುವೆ
ನಮ್ಮ ಶಾಲೆಯ ಹಾಲಿನ ಪಾತ್ರೆಯ ಬಾಯಿ ಇದೆ.
ಮುಚ್ಚಳ ಹೋಗಿ ತಿಂಗಳಾಯಿತು.
ಕೋತಿ ಒಯ್ದಿತು ಅನ್ನುತ್ತಾರೆ ಅಡುಗೆಯವರು,
ಕೋತಿಗೇಕೆ ಮುಚ್ಚಳ ಅಂತ ನಾನು ಕೇಳಿಲ್ಲ.

ಮುಳ್ಳಿಲ್ಲದ ಗಡಿಯಾರ, ಒಂದೇ ಕಿವಿಯ ಹೆಡ್‌ಫೋನು,
ಬೀಗ ಕಳಕೊಂಡ ಕೀಲಿಕೈಗಳು, ಇಡೀ ಒಂದು ಬಕೆಟ್ಟು.
ಹುಡುಗನೊಬ್ಬ ರೇಡಿಯೋವನ್ನು ಕಿವಿಯ ಹತ್ತಿರ ಹಿಡಿದು
ತೆಂಗಿನಕಾಯಿ ಅಲ್ಲಾಡಿಸಿ ನೋಡುವಂತೆ ನೋಡುತ್ತಿದ್ದಾನೆ.
ಒಬ್ಬಾಕೆ ಹೊಲಿಗೆ ಯಂತ್ರದ ತಲೆಯನ್ನು
ಕೂಸಿನ ಹಾಗೆ ಸೊಂಟಕ್ಕೇರಿಸಿಕೊಂಡೇ ಚೌಕಾಸಿಗೆ ನಿಂತಿದ್ದಾಳೆ.

ಅಮೀರ್‌ಜಾನನ ಗೋಣಿಯ ಮೇಲೆ ಬರೀ ಪಾತ್ರೆ.
"ಮುಚ್ಚಳ ಬೇರೆ, ತಪ್ಪಲೆ ಬೇರೆ ಬರ್ತವೆ ಮೇಡಮ್ಮ,
ಸಂಬಂಧ ಕುದುರ್ಸೋದು ನಿಮ್ ಕೆಲ್ಸ."
ಕುಕ್ಕರಗಾಲಲ್ಲಿ ಕೂತೆ. ಒಂದೊಂದಕ್ಕೂ ದಾರ ಹಿಡಿದೆ.
ಎಲ್ಲದರ ಮೈಮೇಲೂ ಚುಕ್ಕಿ ಚುಕ್ಕಿ ಕೊರೆದ ಹೆಸರು:
ದೊಡ್ಡತಾಯಮ್ಮನವರ ಜ್ಞಾಪಕಾರ್ಥ.
ಗೃಹಪ್ರವೇಶ, ೯-೨-೮೮.
ಬೂದಿ ಹಾಕಿ ಉಜ್ಜಿ ಉಜ್ಜಿ
ಅರ್ಧ ಊರು ಮಾತ್ರ ಉಳಿದಿರುವ ಒಬ್ಬ ಸೋದರಮಾವ.

ಆಮೇಲೆ ಈ ಕೊಳಗ. ತಲೆ ಮೇಲೆ ತನ್ನದೇ ಮುಚ್ಚಳ.
ದಾರ ಇಟ್ಟೆ. ಗಂಟಿಂದ ಗಂಟಿಗೆ ಸರಿಯಾಗಿ ಕೂತಿತು.
ಕೊಳಗವನ್ನು ಬೆಳಕಿಗೆ ತಿರುಗಿಸಿದೆ.
ಚಿ. ಸೌ. ಕಾತ್ಯಾಯಿನಿಗೆ, ವನಜಾಕ್ಷಿ ಮತ್ತು ಸ್ನೇಹಿತೆಯರು,
ಟಿ.ಸಿ.ಎಚ್., ತುಮಕೂರು, ೧೯೯೪.

ಸ್ನೇಹಿತೆಯರು ಅಂದರೆ ಒಂಬತ್ತು ಜನ.
ಅಶೋಕ ರಸ್ತೆಯ ಪಾತ್ರೆ ಅಂಗಡಿಯವರು
ಅಕ್ಷರಕ್ಕೆ ನಾಲ್ಕಾಣೆ ಕೇಳಿದ್ದರು.
ಹಾಸ್ಟೆಲಿನ ಮೆಟ್ಟಿಲ ಮೇಲೆ ಚೀಟಿ ಎತ್ತಿದೆವು,
ಬಂದವಳ ಹೆಸರು ಕೊರೆಸುವುದು,
ಉಳಿದವರು ಉಳಿದವರೇ.
ಆ ಬಹುವಚನದೊಳಗೆಲ್ಲೋ ನಾನಿದ್ದೇನೆ,
ಇಪ್ಪತ್ತೈದು ರೂಪಾಯಿ ಕೊಟ್ಟು.

"ಇದೆಲ್ಲಿ ಸಿಕ್ತು?"
"ಗುಜರಿ ಮೂಟೇಲಿ ಬಂತು. ಮೂಟೆಗೆ ಅಡ್ರೆಸ್ ಇರಲ್ಲ."
ಮನೆ ಬದಲಾಯಿಸಿದಳೋ,
ಸೊಸೆಗೆ ಅಟ್ಟದ ಮೇಲಿನ ಸಾಮಾನು ಬೇಡವಾಯಿತೋ,
ಇಲ್ಲಾ,
ಫೋನು ತೆಗೆದೆ. ಕಾತ್ಯಾಯಿನಿ ಇಲ್ಲ ಅದರಲ್ಲಿ.
'ವನಜ ಹೊಸದು' ಅಂತಿದೆ. ಆ ಹೊಸದಕ್ಕೂ ಏಳು ವರ್ಷ.
ಒತ್ತಲಿಲ್ಲ.

"ಮುಚ್ಚಳ ಮಾತ್ರ ಕೊಡಪ್ಪ."
"ಈ ಜೋಡಿ ಬಿಡ್ಸಲ್ಲ ಮೇಡಮ್ಮ.
ಇಡೀ ಮೂಟೇಲಿ ಜೊತ್ಯಾಗಿ ಬಂದಿದ್ದು ಇವೆರಡೇ."
ತಕ್ಕಡಿಗಿಟ್ಟ. "ಕೆ.ಜಿ. ಲೆಕ್ಕ. ಹೆಸರಿಗೆ ಕಾಸಿಲ್ಲ."
ಕೊರೆದಷ್ಟು ತೂಕ ಕಮ್ಮಿಯೇ ಆಗಿರಬೇಕು, ಅಂದೆ.
ನಕ್ಕ. ಹತ್ತು ರೂಪಾಯಿ ಬಿಟ್ಟ.

ಪಾವಗಡದ ಬಸ್ಸು. ಕೊಳಗ ತೊಡೆಯ ಮೇಲೆ,
ಅದರೊಳಗೆ ಕಾಲು ಕೆ.ಜಿ. ಹಸಿಮೆಣಸಿನಕಾಯಿ, ದಾರ.
ಕಂಡಕ್ಟರು ಬೆರಳಿನಿಂದ ತಟ್ಟಿ ನೋಡಿದ:
"ಗಟ್ಟಿ ಮಾಲು. ಹಳೇದಾ?"
ನಾಳೆ ಮುಚ್ಚಳ ಶಾಲೆಗೆ.
ಕೊಳಗ ಏನು ಮಾಡಲಿ, ಇನ್ನೂ ಗೊತ್ತಿಲ್ಲ.
ಕೊರಟಗೆರೆ ದಾಟುವಾಗ ಹೆಬ್ಬೆರಳು ತಾನಾಗಿ
ಚುಕ್ಕಿಗಳ ಮೇಲೆ ಓಡಾಡತೊಡಗಿತು,
'ಮತ್ತು' ಅನ್ನುವಲ್ಲಿಂದ ಮುಂದಕ್ಕೆ.