ಮೈನಸ್ ಐವತ್ತೈದು

ಬೆಳಗೊಳದ ಶೆಡ್ಡಿನಲ್ಲಿ ರಾತ್ರಿ ಒಂದೂ ಇಪ್ಪತ್ತು.
ಕುಲುಮೆಯ ಬಾಯಿಗೆ ಬೆಂಕಿಯ ಪರದೆ.
ಅದನ್ನು ಸರಿಸಿಕೊಂಡು ಸಣ್ಣ ಕೊಳವೆಗಳು
ಈಚೆ ಬರಬೇಕು, ಹೋದಾಗಿನ ಬಿಳುಪಿನಲ್ಲೇ,
ಮೈ ಮಾತ್ರ ಮೆತ್ತಗಾಗಿ.
ಸಾವಿರದ ಐವತ್ತು ಡಿಗ್ರಿ ಕಂಡು ಬಂದದ್ದಕ್ಕೆ
ಮುಖದಲ್ಲಿ ಒಂದು ಗುರುತೂ ಇರಕೂಡದು.

ಇವತ್ತು ಬಂದವು ನವಿಲಿನ ಕತ್ತಾಗಿ.
ತುದಿಯಲ್ಲಿ ಒಣಹುಲ್ಲಿನ ಬಣ್ಣ, ಆಮೇಲೆ ನೇರಳೆ,
ಆಮೇಲೆ ಎಣ್ಣೆ ಚೆಲ್ಲಿದ ಡಾಂಬರಿನ ನೀಲಿ.
ಚಂದ ಇದಾವೆ ಅಂದುಬಿಟ್ಟೆ.
ತಪಾಸಣೆಯ ಆಬಿದಾ ಒಂದನ್ನು
ಟ್ಯೂಬ್‌ಲೈಟಿಗೆ ಹಿಡಿದು ನೋಡಿ
ಕೆಂಪು ಡಬ್ಬಕ್ಕೆ ಹಾಕಿದಳು.
"ಸೂಜಿ ಆಗಬೇಕಾದದ್ದು ಇದು. ಚಂದ ಯಾರಿಗೆ ಬೇಕು?"

ಮರಿಸ್ವಾಮಾಚಾರಿ ಸ್ಟೂಲಿನಿಂದ ಏಳದೆ ಕೇಳಿದರು:
"ಇಬ್ಬನಿ ಎಷ್ಟವ್ವ?"
ಮೀಟರಿನಲ್ಲಿ ಮೈನಸ್ ಇಪ್ಪತ್ತೆರಡು.
ಇರಬೇಕಾದದ್ದು ಮೈನಸ್ ಐವತ್ತೈದು.
ನಡುವಿನ ಅಷ್ಟು ಅಂಕಿಗಳಲ್ಲಿ
ಯಾರದೋ ಒಂದು ಉಸಿರಿನಷ್ಟು ನೀರು.

ಐಟಿಐಯಲ್ಲಿ ಬಾಯಿಪಾಠ ಮಾಡಿದ್ದೆ:
ಕಣ್ಣಿಗೆ ಚುಚ್ಚುವ ಅಮೋನಿಯದ ಘಾಟು
ಕಾದ ನಿಕ್ಕಲಿನ ಮೇಲೆ ಹಾದು ಒಡೆಯುತ್ತದೆ,
ಜಲಜನಕ ಮೂರು ಪಾಲು, ಸಾರಜನಕ ಒಂದು.
ಒಡೆಯದೆ ಉಳಿದ ಘಾಟನ್ನೂ, ತೇವವನ್ನೂ
ಮುಂದಿನ ಗೋಪುರದ ಹರಳು ಹೀರುತ್ತದೆ.
ಗೋಪುರ ಎರಡು. ಒಂದು ಕುಡಿಯುವಾಗ
ಇನ್ನೊಂದು ಒಣಗುತ್ತದೆ, ನಮ್ಮ ಪಾಳಿಯ ಹಾಗೆ.

ಗಾಜಿನ ಕಿಂಡಿಯಲ್ಲಿ ಇಣುಕಿದೆ.
ಹರಳು ಗುಲಾಬಿಗೆ ತಿರುಗಿರಲಿಲ್ಲ, ನೀಲಿಯೇ.
ಇಲ್ಲಿ ನೀಲಿ ಒಳ್ಳೆಯದು, ಅಲ್ಲಿ ನೀಲಿ ಕೆಟ್ಟದ್ದು.
"ಹಂಗಾದ್ರೆ ದಾರೀಲಿ ಸೋರ್ತಾ ಅದೆ" ಅಂದರು.
"ಒಳಗಿನ ಒತ್ತಡ ಜಾಸ್ತಿ, ಸಾರ್. ಹೊರಗಿನ ಗಾಳಿ
ಅದು ಹೇಗೆ ಒಳಗೆ ಬರುತ್ತೆ?"
"ನಾಲೆ ನೀರು ಹಿಂಗೋಯ್ತಿದ್ರೂ
ಮೀನು ಹಂಗ್ ಬತ್ತದಲ್ಲವ್ವ."

ಅವರ ಬೆರಳುಗಳಿಗೆ ಅರ್ಧರ್ಧ ಉಗುರು.
ಈ ಗ್ಯಾಸು ಬರುವ ಮೊದಲು
ಕೊಳವೆ ಕರ್ರಗೆ ಸುಟ್ಟೇ ಬರುತ್ತಿತ್ತಂತೆ,
ಆಸಿಡ್ ತೊಟ್ಟಿಗೆ ಅದ್ದಿ ಬಿಳಿ ಮಾಡುವುದು,
ಹಳದಿ ಹೊಗೆಗೆ ಒದ್ದೆ ಟವೆಲು.
ಹನ್ನೊಂದು ವರ್ಷ.
ಆ ತೊಟ್ಟಿಗೆ ಈಗ ಹಲಗೆ ಬಡಿದಿದೆ,
ಮೇಲೆ ನಮ್ಮೆಲ್ಲರ ಊಟದ ಡಬ್ಬಿ.
ಅವರದು ಮಾತ್ರ ಕಿಟಕಿಯಲ್ಲಿ.

ಸೋಪಿನ ನೀರು ಮುಗಿದಿತ್ತು.
ಕೈತೊಳೆಯುವಲ್ಲಿ ಸವೆದು ಉಳಿದಿದ್ದ
ಶ್ರೀಗಂಧದ ಸೋಪಿನ ಚೂರನ್ನು ಮಗ್ಗಿನಲ್ಲಿ ಕಲಸಿ
ಪೇಂಟಿನ ಬ್ರಷ್ಷಿನಲ್ಲಿ ಬಳಿಯುತ್ತ ಹೋದೆ,
ಒಂದೊಂದು ಕೂಡು, ಒಂದೊಂದು ನಟ್ಟು.
ಎಣ್ಣೆ, ಅಮೋನಿಯ, ಬಿಸಿ ಕಬ್ಬಿಣ,
ಇವುಗಳ ನಡುವೆ ಗಂಧ.
ಹದಿನಾಲ್ಕನೆಯ ಕೂಡಿನಲ್ಲಿ,
ಮೊಣಕೈಯಂತೆ ಪೈಪು ಬಾಗುವ ಜಾಗದಲ್ಲಿ,
ಸಾಸಿವೆಯಷ್ಟು ಒಂದು ಗುಳ್ಳೆ
ಊದಿಕೊಂಡಿತು, ಒಡೆಯಿತು, ಮತ್ತೆ ಊದಿಕೊಂಡಿತು.

ನನಗೆ ಕೂಗಬೇಕೆನಿಸಿತು.
ಆಚಾರಿ ಕನ್ನಡಕ ಮೇಲೇರಿಸಿ
ತೊಟ್ಟಿಲಲ್ಲಿ ಮಲಗಿದ್ದನ್ನು ನೋಡುವ ಹಾಗೆ
ಬಗ್ಗಿ ನೋಡಿದರು. ಏನೂ ಅನ್ನಲಿಲ್ಲ.

ಜಲಜನಕ ನಿಲ್ಲಿಸಿ, ಬರೀ ಸಾರಜನಕ ಹರಿಯಬಿಟ್ಟು,
ಕಾದು, ಬಿಚ್ಚಿ, ಬಿರುಕುಬಿಟ್ಟ ಗ್ಯಾಸ್ಕೆಟ್ ತೆಗೆದು,
ಹೊಸದು ಕೂರಿಸಿ, ಮತ್ತೆ ಕಾದು.
ಮೈನಸ್ ಮೂವತ್ತು. ಚಹಾ.
ಮೈನಸ್ ನಲವತ್ತೊಂದು. ಆಬಿದಾ ಮೇಜಿನ ಮೇಲೆ
ತೋಳು ಮಡಿಸಿ ನಿದ್ದೆಹೋದಳು.
ನಲವತ್ತೆಂಟರಲ್ಲಿ ಬಹಳ ಹೊತ್ತು ನಿಂತಿತು.

ಐದೂ ಮುಕ್ಕಾಲಿಗೆ ಮೊದಲ ಕೊಳವೆ.
ಬಿಳಿ. ಅದರ ಮೈಯಲ್ಲಿ ನನ್ನ ಮುಖ
ಅಕ್ಕಿಕಾಳಿನಗಲ, ಉದ್ದುದ್ದ ಎಳೆದು.
ಆಬಿದಾ ಎದ್ದು, ಕಣ್ಣುಜ್ಜಿ, ಟ್ಯೂಬ್‌ಲೈಟಿಗೆ ಹಿಡಿದು
ಹಸಿರು ಡಬ್ಬಕ್ಕೆ ಹಾಕಿದಳು.
ಕೆಂಪು ಡಬ್ಬದಿಂದ ಬೆರಳುದ್ದದ ನವಿಲು ತುಂಡೊಂದು
ಅವಳ ಪೆನ್ನಿನ ಜೊತೆ ಜೇಬು ಸೇರಿದ್ದನ್ನು
ನಾನು ನೋಡಲಿಲ್ಲ.

ಹೊರಗೆ ನಾಲೆಯ ಕಡೆಯಿಂದ ಮಂಜು.
ಸ್ಕೂಟಿಯ ಸೀಟು, ಕನ್ನಡಿ, ಹ್ಯಾಂಡಲ್ಲು,
ಎಲ್ಲದರ ಮೇಲೂ ಯಾರೂ ಅಳೆಯದ ಇಬ್ಬನಿ.
ವೇಲಿನ ತುದಿಯಲ್ಲಿ ಒರೆಸಿ ಕೂತೆ.
ಆದರೂ ಒದ್ದೆಯಾಯಿತು.