ನಾಲ್ಕೂವರೆ ಮುಚ್ಚಳ

ಗುಂಜೂರಿನಿಂದ ಎರಡು ಬಸ್ಸು ಬದಲಿಸಿ ಬಂದಿದ್ದ
ಅಬ್ಬಯ್ಯಣ್ಣ. ಮಡಿಲಲ್ಲಿ ಅಕ್ಕಿಚೀಲ,
ಚೀಲದೊಳಗೆ ಟ್ರಾಕ್ಟರಿನ ಡೀಸೆಲ್ ಪಂಪು.
ಕಂಡಕ್ಟರು ಮೂಗು ಮುಚ್ಚಿಕೊಂಡೇ ಲಗೇಜು ಚೀಟಿ ಹರಿದನಂತೆ.
‘ಕೂಸ್ನಂಗೆ ಹಿಡ್ಕಂಡ್ ಬಂದಿವ್ನಿ, ನೋಡಮ್ಮ.’

ಕಲಾಸಿಪಾಳ್ಯದ ಈ ಓಣಿಯಲ್ಲಿ
ನನ್ನ ಅಂಗಡಿಗೆ ಬೋರ್ಡಿಲ್ಲ, ವಾಸನೆಯೇ ಬೋರ್ಡು.
ಕಸ ಗುಡಿಸಲು ಬಂದವಳು ನಾನು.
ಗೌಸ್ ಸಾಬರು ಒಂದು ದಿನ ಸ್ಪ್ಯಾನರು ಕೈಗಿತ್ತರು,
ಮತ್ತೆ ವಾಪಸು ಕೇಳಲಿಲ್ಲ.

ಬಿಚ್ಚಿದೆ.
ಪ್ಲಂಜರಿನ ಕನ್ನಡಿಮೈ ಮೇಲೆ
ಅಲ್ಲೊಂದು ಇಲ್ಲೊಂದು ಸಾಸಿವೆಯಷ್ಟು ತುಕ್ಕು.
ರಬ್ಬರು ಸೀಲು ನೆನೆಸಿಟ್ಟ ಕಡಲೆಯ ಹಾಗೆ ಉಬ್ಬಿದೆ.
‘ಏನು ಹಾಕಿದಿರಿ?’

ಅವನು ಮೊದಲು ಬಿಸಿಲಿನ ಮಾತಾಡಿದ.
ಆಮೇಲೆ ಅಪಾರ್ಟ್‌ಮೆಂಟಿನವರ ಮಾತು:
ಬೆಳಗ್ಗೆ ಆರಕ್ಕೆ ಟ್ಯಾಂಕರು ಗೇಟಿನಲ್ಲಿರಬೇಕು,
ಹತ್ತು ನಿಮಿಷ ತಡವಾದರೆ ಫೋನಿನ ಮೇಲೆ ಫೋನು,
ಏರಿನಲ್ಲಿ ಎಂಜಿನು ಕೆಮ್ಮುತ್ತಿತ್ತು.
ಕೊನೆಗೆ ಜೇಬಿನಿಂದ ಸೀಸೆ ತೆಗೆದ. ಖಾಲಿ.
ಲೀಟರಿಗೆ ಒಂದು ಮಿಲಿ ಅಂತ ಅದರ ಬೆನ್ನ ಮೇಲೆ
ಇರುವೆ ಸಾಲಿನಂಥ ಅಕ್ಷರ.
ನಲವತ್ತೈದು ಲೀಟರಿನ ಟ್ಯಾಂಕಿಗೆ
ಕಾಲು ಲೀಟರು ಪೂರ್ತಿ ಸುರಿದಿದ್ದ.
‘ಒಳ್ಳೇದು ಒಸಿ ಜಾಸ್ತಿಯಾದ್ರೆ ಏನಾಯ್ತದೆ?’
ಸಾಲದ್ದಕ್ಕೆ ಇನ್ನೊಂದು ಕಂಪನಿಯದು, ಯಾರೋ ಕೊಟ್ಟಿದ್ದು,
ನೀರು ಹೀರುತ್ತದೆ ಅಂತ.

ಹೀರುತ್ತದೆ, ಅಬ್ಬಯ್ಯಣ್ಣ.
ಹೀರಿ ಎಲ್ಲಿಗೆ ಒಯ್ಯುತ್ತದೆ?
ತಳದಲ್ಲಿ ತೆಪ್ಪಗೆ ಮಲಗಿದ್ದದ್ದನ್ನು
ಕೈಹಿಡಿದು ಎಬ್ಬಿಸಿ, ಫಿಲ್ಟರು ದಾಟಿಸಿ,
ಕೂದಲೆಳೆ ತೂರದ ಈ ಸಂದಿಗೆ
ತಂದು ಕೂರಿಸಿದೆ ನೋಡಿ.

ಪಂಪಿನ ಹೊಟ್ಟೆಯಲ್ಲಿ ಉಳಿದದ್ದನ್ನು
ಕೈಗೆ ಸಿಕ್ಕ ಚಹಾದ ಲೋಟಕ್ಕೆ ಬಗ್ಗಿಸಿದೆ.
ಅಕ್ಕಚ್ಚಿನ ಬಣ್ಣ.
ನೀರು ಮಾರುವವನ ಡೀಸೆಲಿನಲ್ಲಿ ನೀರು.
ಅವನೇ ಮೊದಲು ನಕ್ಕ. ನಗುತ್ತಲೇ ಬೀಡಿ ಕಚ್ಚಿ ಕಡ್ಡಿ ತಡಕಿದ.
ತುಟಿಯಿಂದ ಕಿತ್ತು ಓಣಿಗೆ ಎಸೆದೆ.
ಕ್ಷಮಿಸಿ ಅನ್ನಲಿಲ್ಲ.

‘ಔಷಧಿಯಿಂದ ಸವೆದ ಕಬ್ಬಿಣ ಬೆಳೆಯೋದಿಲ್ಲ, ಬೇಟಿ’
ಅನ್ನುತ್ತಿದ್ದರು ಸಾಬರು.
ಎಲ್ಲಾ ಗೊತ್ತಿತ್ತು ಅವರಿಗೆ, ಕೈಗವಸೊಂದು ಬಿಟ್ಟು.
ಕೊನೆಗಾಲದಲ್ಲಿ ರೊಟ್ಟಿ ಬಿಸಿಯೋ ತಣ್ಣಗೋ
ಅವರ ಬೆರಳಿಗೆ ತಿಳಿಯುತ್ತಿರಲಿಲ್ಲ.
ನಾನು ಗವಸು ತೊಡುತ್ತೇನೆ,
ಓಣಿಯವರು ಡಾಕ್ಟರಮ್ಮ ಅಂತ ಆಡಿಕೊಂಡರೂ.

ಮೂರು ದಿನ ಹಿಡಿಯಿತು.
ಬೆಂಚಿಗೇರಿಸಿ ತಿರುಗಿಸಿದಾಗ ಮೂರು ಗಾಜಿನ ಕೊಳವೆಗಳಲ್ಲಿ
ಡೀಸೆಲು ಒಂದೇ ಸಮ ಏರಿತು.
ಆ ಸಮವನ್ನು ನೋಡುತ್ತಾ ನಿಂತರೆ
ನನಗೆ ಈಗಲೂ ಹಸಿವು ಮರೆಯುತ್ತದೆ.

ಒಯ್ಯಲು ಬಂದವನು ಪಂಚೆಯ ಗಂಟಿನಿಂದ
ಮೊಮ್ಮಗಳ ಕೆಮ್ಮಿನ ಸಿರಪ್ಪಿನ ಮುಚ್ಚಳ ತೆಗೆದ,
ಒಳಗೆ ಹತ್ತು ಮಿಲಿಯ ಗೆರೆ.
‘ಇದ್ರಲ್ಲಿ ಅಳೀಬೋದಾ?’
ಗೆರೆಯ ಮೇಲೆ, ಅಂಚಿನ ಹತ್ತಿರ, ತೂತು ಕೊರೆದೆ,
ತಂತಿ ಪೋಣಿಸಿ ಕೊಟ್ಟೆ.
ಟೂಲು ಬಾಕ್ಸಿಗೆ ಬಿಗಿಯಿರಿ. ಇನ್ನು ಇದು ಮನೆಯ ಹೊಸ್ತಿಲು ತುಳಿಯಬಾರದು.
ಮೊದಲು ಟ್ರಾಕ್ಟರಿನ ಪುಸ್ತಕ ಯಾರ ಕೈಲಾದರೂ ಓದಿಸಿ,
ಹಾಕಬಹುದು ಅಂತಿದ್ದರೆ ಮಾತ್ರ
ನಾಲ್ಕೂವರೆ ಮುಚ್ಚಳ, ಆಮೇಲೆ ಮೇಲಿಂದ ಡೀಸೆಲು.
ಒಂದು ಸೀಸೆಯ ಜೊತೆ ಇನ್ನೊಂದು ಬೇಡ.
ದಿನಾ ಬೆಳಗ್ಗೆ, ಚಾವಿ ತಿರುಗಿಸುವ ಮುಂಚೆ,
ಫಿಲ್ಟರಿನ ಕೆಳಗಿನ ತಿರುಪು ಸಡಿಲಿಸಿ ನೀರು ಇಳಿಸಿ.
ಅದಕ್ಕೆ ಸೀಸೆ ಬೇಡ, ಕಾಸೂ ಬೇಡ.

‘ನಿಮ್ಗೆ ನೀರ್ ಬತ್ತದಾಮ್ಮ ಇಲ್ಲಿ?’
ದಿನ ಬಿಟ್ಟು ದಿನ, ಅಂದೆ.
ಮೂಲೆಯ ಎರಡು ಕೊಡ ನೋಡಿ ಏನೂ ಹೇಳದೆ
ಚೀಲ ಎತ್ತಿಕೊಂಡ.

ಸಂಜೆ ಚಹಾದ ಹುಡುಗ ಲೋಟ ಎಣಿಸಿದ.
ಒಂದು ಕಮ್ಮಿ.
ಬೆಂಚಿನ ಕೆಳಗೆ ಹೊಳೆಯುತ್ತಿತ್ತು ಅದು, ತೊಳೆದಿಟ್ಟದ್ದು,
ಹುಡುಗ ಬಗ್ಗಿ ಕೈ ಚಾಚಿದ.
ಕಾಲು ಅಡ್ಡ ಇಟ್ಟೆ.
ಹದಿನೈದು ರೂಪಾಯಿ ಕೊಟ್ಟೆ,
ಲೋಟ ಕೊಡಲಿಲ್ಲ.