ರೆಂಡಿಟ್ಟಾ

ಚಿಂತಾಮಣಿಯಲ್ಲಿ ಒಂದು ಲಾಡ್ಜು ಮುಚ್ಚಿದಾಗ
ರೂಮಿಗೊಂದರಂತೆ ಹನ್ನೊಂದು ಟಿವಿ ಹೊರಬಿದ್ದವು.
ಒಂದನ್ನು ನಮ್ಮ ಭಾವ ಚೌಡಪ್ಪ
ಮೂರೂವರೆ ಸಾವಿರಕ್ಕೆ ಹಿಡಿದು
ಟೆಂಪೋದಲ್ಲಿ ಗೂಡಿನ ಚೀಲಗಳ ನಡುವೆ ಮಲಗಿಸಿ
ಶಿಡ್ಲಘಟ್ಟಕ್ಕೆ ತಂದ.
ಬೆನ್ನ ಮೇಲೆ ಬಿಳಿ ಬಣ್ಣದಲ್ಲಿ ೨೦೬.
ಕಾಫಿ ಕೊಟ್ಟೆ. ಸ್ವಿಚ್ಚು ಹಾಕಿದೆವು.
ಮಾತು ಬಂತು. ಮುಖ ಬರಲಿಲ್ಲ.

"ಲಾಡ್ಜಲ್ಲಿ ಹತ್ತಿತ್ತು, ಕಣ್ಣಾರೆ ನೋಡಿದೀನಿ" ಅಂದ ಭಾವ.
ದಾರಿಯಲ್ಲಿ ಎಲ್ಲೋ ಹಂಪಿನ ಮೇಲೆ ಗಾಡಿ ಎಗರಿತ್ತಂತೆ.
ಯಾವ ಹಂಪು, ಯಾರ ತಪ್ಪು,
ಅಷ್ಟರಲ್ಲಿ ಮುದ್ದೆ ಆರಿತು.

ಎರಡು ದಿನ ಅದು ರೇಡಿಯೋ ಆಗಿತ್ತು.
ಅತ್ತೆ ಮುನಿನಂಜಮ್ಮ ಧಾರಾವಾಹಿಯನ್ನು ಕಿವಿಯಲ್ಲೇ ನೋಡಿದಳು.
"ಈಗ ಅಳ್ತಾವ್ಳೆ." "ಹೋದ, ಬಾಗ್ಲು ಹಾಕ್ಕಂಡು ಹೋದ."

ಮೂರನೇ ದಿನ ಉಲ್ಲೂರುಪೇಟೆಯ ಜಬೀವುಲ್ಲಾ ಬಂದ.
ಸ್ಕ್ರೂಡ್ರೈವರ್ ಮುಟ್ಟಲಿಲ್ಲ. "ಅಕ್ಕಾ, ಲೈಟು ಆರಿಸಿ" ಅಂದ.
ಜೇಬಿಂದ ಟಾರ್ಚು ತೆಗೆದು
ಕಪ್ಪು ಗಾಜಿಗೆ ಓರೆಯಾಗಿ ಹಿಡಿದ.

ಇದ್ದಳು.
ರೊಟ್ಟಿಯಗಲದ ಬೆಳಕಿನೊಳಗೆ
ವಾರ್ತೆ ಓದುವವಳ ಗಲ್ಲ, ಒಂದು ಓಲೆ,
ಬಾವಿಗೆ ಬಿದ್ದ ಚೊಂಬು ತಳದಲ್ಲಿ ಹೊಳೆದ ಹಾಗೆ.
ಸರಿಸಿದ. ಹೆಗಲು. ಇನ್ನೂ ಕೆಳಗೆ, ಓಡುವ ಅಕ್ಷರ.

"ಪ್ಯಾನೆಲ್ಲು ಜೀವಂತ ಇದೆ. ಹಿಂದಿನ ಬೆಳಕು ಸತ್ತಿದೆ.
ಪಟ್ಟಿ ಮೂರು, ಕೂಲಿ ಸೇರಿ ಎರಡು ಸಾವಿರದ ಇನ್ನೂರು.
ಬಿಚ್ಚುವಾಗ ಗಾಜು ಸೀಳಿದರೆ ನನ್ನ ಹೊಣೆ ಅಲ್ಲ,
ಈಗಲೇ ಹೇಳಿದೀನಿ."
ಆಮೇಲೆ ಬಲದ ಅಂಚಲ್ಲಿ ಕೂದಲಿನಷ್ಟು ಗೆರೆ ತೋರಿಸಿ
"ಇದು ಸದ್ಯಕ್ಕೆ ಒಂದು. ಮುಂದಿನದು ಅಲ್ಲಾನೇ ಬಲ್ಲ."

ನಮ್ಮದು ನೂಲು ಬಿಚ್ಚುವ ಮನೆ. ನಮಗೆ ಗೊತ್ತಿರುವ ಲೆಕ್ಕ ಒಂದೇ.
ಎಷ್ಟು ಕಿಲೋ ಗೂಡು ಬೇಯಿಸಿದರೆ ಒಂದು ಕಿಲೋ ನೂಲು,
ಅದಕ್ಕೆ ರೆಂಡಿಟ್ಟಾ ಅಂತೀವಿ.
ಏಳಾದರೆ ಬದುಕಿದೆವು.
ಒಂಬತ್ತಾದರೆ ಆ ಲಾಟು ತಂದವರ ಜೊತೆ ಎರಡು ದಿನ ಮಾತಿಲ್ಲ.
ಹರಾಜಿನಲ್ಲಿ ನಮ್ಮ ಯಜಮಾನರು
ಮೊಣಕೈವರೆಗೆ ಕೈ ಇಳಿಸಿ, ತಳದ ಗೂಡೊಂದನ್ನು ಎತ್ತಿ
ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ.
ಒಳಗೆ ಹುಳ ಗಿಲಕಿಯಂತೆ ಆಡಿದರೆ ಬೆಲೆ ಕೂಗುತ್ತಾರೆ.

ಟಿವಿಯನ್ನೂ ಅಲ್ಲಾಡಿಸಿ ನೋಡಿದರು.
ಯಾವುದೋ ಸ್ಕ್ರೂ ಆಡಿತು.

"ಒಟ್ಟು ಐದು ಸಾವಿರದ ಏಳುನೂರು. ಇನ್ನೊಂದಿಷ್ಟು ಹಾಕಿದರೆ
ಕಂತಿನಲ್ಲಿ ಹೊಸದೇ ಬರುತ್ತೆ" ಅಂದ ಭಾವ, ತಂದವನೇ.
"ಮೂರೂವರೆ ಯಾಕೆ ಕೂಡಿಸ್ತೀರ? ಅದು ಹೋಯ್ತು.
ಈಗಿರೋದು ಎರಡು ಸಾವಿರದ ಇನ್ನೂರರ ಮಾತು" ಅಂದೆ.
ಹದಿನಾರು ವರ್ಷ ಬೇಸಿನ್ನಿನ ಮುಂದೆ ಕೂತು ಕಲಿತದ್ದು ಅದೊಂದೇ,
ಎಳೆ ಕಡಿದ ಗೂಡನ್ನು ಬೈಯುತ್ತಾ ಕೂರಬಾರದು.
ಬಿಸಿನೀರಲ್ಲಿ ಬೆರಳಾಡಿಸಿ ತುದಿ ಹುಡುಕಬೇಕು.
ಎರಡು ಸಲ ಸಿಗದಿದ್ದರೆ ಪುಟ್ಟಿಗೆ.
ಇಲ್ಲಿ ತುದಿ ಸಿಕ್ಕಿದೆಯಲ್ಲ, ಓಲೆ ಕಂಡಿತಲ್ಲ.
ಆದರೆ ಆ ಗೆರೆ.
ಆ ಗೆರೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಶನಿವಾರ ಬಟವಾಡೆ ಕಳೆದ ಮೇಲೆ ನೋಡೋಣ, ಅಲ್ಲಿಗೆ ನಿಂತಿತು.

ಇವತ್ತು ಬುಧವಾರ. ಜಬೀವುಲ್ಲಾನ ಟಾರ್ಚು ಇಲ್ಲೇ ಇದೆ,
ಮರೆತನೋ, ಬಿಟ್ಟುಹೋದನೋ.
ಎಂಟೂವರೆಗೆ ಹಂಸವೇಣಿ ಲೈಟು ಆರಿಸುತ್ತಾಳೆ.
ಅಜ್ಜಿ ಹೇಳಿದ ಕಡೆಗೆಲ್ಲ ಬೆಳಕು ಹಿಡಿಯುವುದು ಅವಳ ಕೆಲಸ.
"ಮುಖ ತೋರ್ಸೇ." "ಕೈಯಾಗೇನೈತೆ ನೋಡೇ."
"ಬಾಗ್ಲ ಹಿಂದೆ ಯಾರೋ ಅವ್ರೆ, ಅಲ್ಲಿ ಹಿಡಿ, ಅಲ್ಲಿ."
ಬಾಗಿಲ ಹಿಂದೆ ಯಾರೂ ಇರಲಿಲ್ಲ. ಒಂದು ಕುಂಡ ಇತ್ತು.
ಪೂರ್ತಿ ಬೆಳಕಿದ್ದಿದ್ದರೆ ಆ ಕುಂಡವನ್ನು
ಯಾರೂ ನೋಡುತ್ತಿರಲಿಲ್ಲ. ನಾವು ನಾಲ್ವರೂ ನೋಡಿದೆವು.

ಅಷ್ಟರಲ್ಲಿ ಟಾರ್ಚು ಹಳದಿಗೆ ತಿರುಗಿತು.
ಯಜಮಾನರು ಕತ್ತಲಲ್ಲೇ ಕೇಳಿದರು,
"ಸೆಲ್ಲಿನ ದುಡ್ಡನ್ನ ಯಾವ ಲೆಕ್ಕಕ್ಕೆ ಬರೀಲಿ?"